ಗಾಳದ ರೀಲೂ ಕಡಲಿನ ಉಪ್ಪೂ

ಕಡಲತೀರದಿಂದ ನೂರಾರು ಮೈಲು ದೂರದ ಒಳನಾಡಿನಲ್ಲಿ, ಸುಣ್ಣಕಲ್ಲಿನ ನೆಲವನ್ನು ಕೊರೆದು ಹರಿಯುವ ತಿಳಿತೊರೆಗಳ ಸೀಮೆಯಲ್ಲಿ, ಉಪ್ಪುನೀರಿನ ಗೊಡವೆಯೇ ಇಲ್ಲದ ಒಬ್ಬ ಗಡಿಯಾರದ ಕುಶಲಕರ್ಮಿಯ ಮೇಜಿನ ಮೇಲೆ, ಮುಂದೆ ಸಾಗರದ ಮಹಾಮತ್ಸ್ಯಗಳನ್ನು ಹಿಡಿಯುವುದಕ್ಕೆ ಅನಿವಾರ್ಯವೆನಿಸಿದ ಉಪಕರಣವೊಂದು ರೂಪುತಳೆಯಿತೆಂಬುದು ಯಂತ್ರಗಳ ಇತಿಹಾಸದಲ್ಲಿ ಕಾಣಬರುವ ವಿಚಿತ್ರ ಸಂಯೋಗಗಳಲ್ಲಿ ಒಂದು. ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಪ್ಯಾರಿಸ್ ಎಂಬ ಚಿಕ್ಕ ಊರಿದೆ; ಫ್ರಾನ್ಸಿನ ರಾಜಧಾನಿಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಾಮ್ಯವಿಲ್ಲ. ಅಲ್ಲಿ ಗಡಿಯಾರಗಳನ್ನೂ ಬೆಳ್ಳಿಯ ಸಾಮಾನುಗಳನ್ನೂ ಮಾಡಿ ಜೀವಿಸುತ್ತಿದ್ದ ಜಾರ್ಜ್ ಸ್ನೈಡರ್ ಎಂಬಾತನು 19ನೆಯ ಶತಮಾನದ ಮೊದಲೆರಡು ದಶಕಗಳಲ್ಲಿ, ಮೀನು ಹಿಡಿಯುವ ತನ್ನ ಹವ್ಯಾಸಕ್ಕೂ ತನ್ನ ಮಿತ್ರರ ಸಂತೋಷಕ್ಕೂ ಎಂದು, ಹಿಡಿಕೆಯನ್ನು ಒಮ್ಮೆ ತಿರುಗಿಸಿದರೆ ದಾರದ ಉರುಳೆಯು ಹಲವು ಬಾರಿ ತಿರುಗುವಂತಹ ರೀಲುಗಳನ್ನು ಹಿತ್ತಾಳೆಯಲ್ಲಿಯೂ ಬೆಳ್ಳಿಯಲ್ಲಿಯೂ ರಚಿಸಿದನು. ಈ ಬಗೆಯ ಗುಣಕ ರೀಲುಗಳು ಅದಕ್ಕೆ ಹಿಂದೆಯೇ, 18ನೆಯ ಶತಮಾನದಲ್ಲಿ, ಲಂಡನ್ನಿನ ಅಂಗಡಿಗಳಲ್ಲಿ ಮಾರಾಟಕ್ಕಿದ್ದುದು ನಿಜ. ಆದರೆ ಅವುಗಳ ಹಲ್ಲುಗಾಲಿಗಳು ಒರಟಾಗಿದ್ದು, ಭಾರದ ಮೀನು ಸಿಕ್ಕಿದಾಗಲೇ ಕೈಕೊಡುತ್ತಿದ್ದುದರಿಂದ ಇಂಗ್ಲೆಂಡಿನ ಗಾಳಗಾರರು ಅವನ್ನು ಬದಿಗಿಟ್ಟು ಸರಳವಾದ ಒಂದೇ ಗಾಲಿಯ ರೀಲಿಗೆ ಮರಳಿದ್ದರು.

ರೀಲನ್ನು ಕಂಡರಿಯದ ವಾಚಕರಿಗಾಗಿ ಅದರ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತ. ಗಾಳದ ಕೋಲಿನ ಮೇಲ್ಬದಿಯಲ್ಲಿ, ಕೋಲಿಗೆ ಅಡ್ಡಲಾಗಿ, ಬಾವಿಯ ರಾಟೆಯಂತೆ ತನ್ನ ಅಚ್ಚಿನ ಮೇಲೆ ತಾನೇ ತಿರುಗುವ ಒಂದು ಉರುಳೆಯಿರುತ್ತದೆ. ಅದಕ್ಕೆ ದಾರವನ್ನು ಸುತ್ತಿರುತ್ತಾರೆ. ಬದಿಯ ತಟ್ಟೆಯೊಳಗೆ ಹಿಡಿಕೆಗೆ ಹೊಂದಿಕೊಂಡ ದೊಡ್ಡ ಹಲ್ಲುಗಾಲಿಯು ಉರುಳೆಯ ಅಚ್ಚಿಗೆ ಹೊಂದಿಕೊಂಡ ಪುಟ್ಟ ಹಲ್ಲುಗಾಲಿಯನ್ನು, ಎಂದರೆ ಪಿನಿಯನ್ನನ್ನು, ತಿರುಗಿಸುತ್ತದೆ. ಆಮಿಷವನ್ನು ಬೀಸಿ ಎಸೆದಾಗ ದಾರವನ್ನು ಎಳೆದುಕೊಂಡು ಹೋಗುವುದು ಆಮಿಷದ ಭಾರವೇ. ಆ ಎಳೆತಕ್ಕೆ ಉರುಳೆಯು ಅತ್ಯಂತ ಸುಲಭವಾಗಿ, ಅತ್ಯಂತ ವೇಗವಾಗಿ ತಿರುಗಿಕೊಳ್ಳಬೇಕು. ಆದರೆ ಉರುಳೆಯ ವೇಗ ದಾರ ಹೊರಡುವ ವೇಗವನ್ನು ಮೀರಿದರೆ ಬಿಚ್ಚಿದ ದಾರವೆಲ್ಲ ಒಳಗೇ ಉಬ್ಬಿ, ಬಿಡಿಸಲಾಗದ ಗೋಜಲಾಗುತ್ತದೆ. ಅದನ್ನು ತಡೆಯುವುದಕ್ಕೆ ಗಾಳಗಾರನ ಹೆಬ್ಬೆರಳು ಸದಾ ಉರುಳೆಯ ಮೇಲಿರಬೇಕು. ಆದಕಾರಣ ಈ ಯಂತ್ರದಲ್ಲಿ ಅಚ್ಚು ಸೂಕ್ಷ್ಮವಾಗಿರಬೇಕು, ಅದರ ಆಸರೆ ನುಣುಪಾಗಿರಬೇಕು, ಉರುಳೆಗೂ ಚೌಕಟ್ಟಿಗೂ ನಡುವಣ ಅಂತರವು ದಾರದ ಎಳೆಯೂ ನುಸುಳದಷ್ಟು ಕಿರಿದಾಗಿರಬೇಕು. ಇಂತಹ ಕೆಲಸವನ್ನು ಆ ಕಾಲದಲ್ಲಿ ಗಡಿಯಾರದವರಲ್ಲದೆ ಬೇರೆ ಯಾರೂ ಮಾಡಬಲ್ಲವರಾಗಿರಲಿಲ್ಲ. ಉಪ್ಪುನೀರು ಮೊದಲು ಆಕ್ರಮಿಸುವುದೂ ಇಂತಹ ಸೂಕ್ಷ್ಮ ಅಚ್ಚುಗಳನ್ನು, ನುಣುಪಾದ ಆಸರೆಗಳನ್ನು, ಕಿರಿದಾದ ಅಂತರಗಳನ್ನು. ಈ ರೀಲಿನ ಇನ್ನೂರು ವರ್ಷಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅದನ್ನು ನಿರ್ಮಿಸಿದವರ ಚರಿತ್ರೆಯನ್ನಾಗಿ ಬರೆಯುವರು. ಅದನ್ನು ಬಿಚ್ಚಿ, ತೊಳೆದು, ಎಣ್ಣೆಹಚ್ಚಿ, ಮತ್ತೆ ಜೋಡಿಸಿದವರ ಚರಿತ್ರೆಯಾಗಿ ನೋಡಿದರೆ ಅದು ಹೆಚ್ಚು ಅರ್ಥವತ್ತಾಗುವುದೆಂದು ನನ್ನ ಮತ.

ಸ್ನೈಡರನ ತರುವಾಯ ಈ ಕಲೆಯು ಅದೇ ಪ್ರಾಂತದ ರಾಜಧಾನಿಯಾದ ಫ್ರಾಂಕ್‌ಫರ್ಟ್ ಎಂಬ ಊರಿಗೆ ಸಾಗಿತು. ಅಲ್ಲಿ ಜೊನಾಥನ್ ಮತ್ತು ಬೆಂಜಮಿನ್ ಮೀಕ್ ಎಂಬ ಸಹೋದರರು ಗಡಿಯಾರದ ಅಂಗಡಿಯನ್ನಿಟ್ಟುಕೊಂಡಿದ್ದರು. ನ್ಯಾಯಾಧೀಶನಾಗಿದ್ದ ಮೇಸನ್ ಬ್ರೌನ್ ಎಂಬ ಗೃಹಸ್ಥನು ತನಗೊಂದು ಒಳ್ಳೆಯ ರೀಲು ಬೇಕೆಂದು ಅವರನ್ನು ಕೇಳಿಕೊಂಡನೆಂದೂ, ಅಲ್ಲಿಂದ ಮೀಕ್ ಮನೆತನದ ರೀಲುಗಳ ಪರಂಪರೆ ಮೊದಲಾಯಿತೆಂದೂ ಆ ಕಡೆಯವರು ಹೇಳುವುದುಂಟು. ಅವರ ಶಿಷ್ಯನಾಗಿ ಬಂದ ಬೆಂಜಮಿನ್ ಮೈಲಮ್ ಮುಂದೆ ಗುರುವಿನಷ್ಟೇ ಪ್ರಸಿದ್ಧನಾದನು; ಅವನ ರೀಲುಗಳು 1893ರಲ್ಲಿ ಶಿಕಾಗೋ ನಗರದ ಮಹಾಪ್ರದರ್ಶನದಲ್ಲಿಯೂ, 1898ರಲ್ಲಿ ನಾರ್ವೆಯ ಬರ್ಗೆನ್ನಿನಲ್ಲಿಯೂ, 1900ರಲ್ಲಿ ನಿಜವಾದ ಪ್ಯಾರಿಸಿನಲ್ಲಿಯೂ ಬಹುಮಾನಗಳನ್ನು ಗಳಿಸಿದುವು. ಹಲ್ಲುಗಾಲಿಗಳನ್ನು ಗಡಿಯಾರದ ಉಪಕರಣಗಳಿಂದಲೇ ಕೊರೆಯುತ್ತಿದ್ದರು. ಉತ್ತಮ ದರ್ಜೆಯ ಕೆಲವು ರೀಲುಗಳಲ್ಲಿ ಅಚ್ಚಿನ ತುದಿಗಳಿಗೆ ಗಡಿಯಾರದಲ್ಲಿರುವಂತೆ ರತ್ನದ ಆಸರೆಯನ್ನೂ ಕೊಡುತ್ತಿದ್ದುದುಂಟು. ಹಿಡಿಕೆಯ ಒಂದು ಸುತ್ತಿಗೆ ಉರುಳೆಯ ನಾಲ್ಕು ಸುತ್ತು ಎಂಬ ಪ್ರಮಾಣವು ಸ್ಥಿರವಾದುದು ಈ ಕೆಂಟಕಿ ರೀಲುಗಳಿಂದಲೇ.

ಆ ರೀಲುಗಳಲ್ಲಿ ನನ್ನ ಗಮನವನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ಅಂಶವೊಂದಿದೆ. ಪ್ರತಿಯೊಂದು ತಿರುಪುಮೊಳೆಯ ಮೇಲೂ ಒಂದು ಸಂಖ್ಯೆ, ಅದು ಕೂರಬೇಕಾದ ರಂಧ್ರದ ಬಳಿಯಲ್ಲಿಯೂ ಅದೇ ಸಂಖ್ಯೆ. ತಿರುಪುಗಳನ್ನು ಒಂದೊಂದಾಗಿ ಕೈಯಿಂದಲೇ ಕಡೆಯುತ್ತಿದ್ದುದರಿಂದ ಒಂದು ರಂಧ್ರದ ತಿರುಪು ಮತ್ತೊಂದು ರಂಧ್ರಕ್ಕೆ ಸರಿಹೊಂದುತ್ತಿರಲಿಲ್ಲ. ಬಲವಂತವಾಗಿ ತಿರುಗಿಸಿದರೆ ಎಳೆಯೇ ಕೆಟ್ಟುಹೋಗುತ್ತಿತ್ತು. ಈ ಸಂಖ್ಯೆಗಳು ಅಲಂಕಾರಕ್ಕೆಂದು ಬಂದುವಲ್ಲ. ಕೊಂಡವನು ಇದನ್ನು ಬಿಚ್ಚಿಯೇ ಬಿಚ್ಚುವನು, ಬಿಚ್ಚಲೇಬೇಕು ಎಂಬ ನಿರೀಕ್ಷೆಯಿಂದ, ಅವನು ಮತ್ತೆ ತಪ್ಪಿಲ್ಲದೆ ಜೋಡಿಸಲೆಂಬ ಕಳಕಳಿಯಿಂದ ಕೆತ್ತಿದವು. ಒಂದು ಯಂತ್ರವನ್ನು ಮಾಡಿದವನು ಅದರ ಮುಂದಿನ ಎಪ್ಪತ್ತು ವರ್ಷಗಳ ಆರೈಕೆಯನ್ನು ಮಾಡುವಾಗಲೇ ಚಿಂತಿಸಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇತ್ತ ಅಟ್ಲಾಂಟಿಕ್ ಸಾಗರದ ತೀರದಲ್ಲಿ, ಮ್ಯಾಸಚೂಸೆಟ್ಸಿನ ಕರಾವಳಿಯ ಕಟಿಹಂಕ್ ಎಂಬ ದ್ವೀಪದಲ್ಲಿ, 1860ರ ದಶಕದಲ್ಲಿ ನ್ಯೂಯಾರ್ಕಿನ ಧನಿಕರು ಒಂದು ಮತ್ಸ್ಯವಿಹಾರ ಸಂಘವನ್ನು ಸ್ಥಾಪಿಸಿಕೊಂಡರು. ಅಲೆಗಳು ಬಂಡೆಗಳಿಗೆ ಅಪ್ಪಳಿಸುವ ಎಡೆಯಲ್ಲಿ ಮರದ ಅಟ್ಟಣೆಗಳನ್ನು ಕಟ್ಟಿಸಿ, ಅವುಗಳ ತುದಿಯಲ್ಲಿ ನಿಂತು, ಸೇವಕರು ಎರಚಿದ ಮೀನಿನ ತುಣುಕುಗಳಿಗೆ ಆಕರ್ಷಿತವಾಗಿ ಬಂದ ಪಟ್ಟೆಬ್ಯಾಸ್ ಮೀನುಗಳನ್ನು ಹಿಡಿಯುವುದು ಅವರ ವಿನೋದವಾಗಿತ್ತು. ಇವರಿಗೆ ರೀಲುಗಳನ್ನು ಒದಗಿಸಿದವರು ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ನಿನ ಕುಶಲಕರ್ಮಿಗಳು. ಅವರಲ್ಲಿ ವಾಮ್ ಹೋಫ್ ಮನೆತನದ ಜೂಲಿಯಸ್ ಮತ್ತು ಎಡ್ವರ್ಡರ ಹೆಸರು ಅಗ್ರಗಣ್ಯವಾದುದು. ಉಪ್ಪಿನ ಪ್ರಭಾವವನ್ನು ಕಣ್ಣಾರೆ ಕಂಡಿದ್ದ ಇವರು ಹಿತ್ತಾಳೆಯನ್ನು ಆದಷ್ಟು ದೂರವಿಟ್ಟು, ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣವಾದ ಜರ್ಮನ್ ಸಿಲ್ವರನ್ನು ಚೌಕಟ್ಟಿಗೂ, ಗಂಧಕ ಸೇರಿಸಿ ಗಟ್ಟಿಯಾಗಿಸಿದ ಕಪ್ಪು ರಬ್ಬರಾದ ಎಬೊನೈಟನ್ನು ಬದಿಯ ತಟ್ಟೆಗಳಿಗೂ ಆರಿಸಿಕೊಂಡರು. ಆ ರೀಲುಗಳನ್ನು ಇಂದು ಪುರಾತನ ವಸ್ತುಗಳ ಸಂಗ್ರಾಹಕರು ಭಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ನೂರಿಪ್ಪತ್ತು ವರ್ಷಗಳ ತರುವಾಯವೂ ಅವುಗಳಲ್ಲಿ ಹಲವು ಸರಾಗವಾಗಿ ತಿರುಗುತ್ತಿರುವುದು ಲೋಹದ ಗುಣದಿಂದ ಎಷ್ಟೋ, ಒಡೆಯರ ಶ್ರದ್ಧೆಯಿಂದಲೂ ಅಷ್ಟೇ.

ಏಕೆಂದರೆ ಆ ಕಾಲದ ದಾರವೇ ಆರೈಕೆಯನ್ನು ಕಡ್ಡಾಯವಾಗಿಸಿತ್ತು. ಅಗಸೆನಾರಿನಿಂದ ಹೊಸೆದ ಆ ದಾರಕ್ಕೆ ಕಟಿಹಂಕಿನ ಹೆಸರೇ ನಿಂತಿತು. ಅದನ್ನು ಪ್ರತಿದಿನ ಸಂಜೆ ರೀಲಿನಿಂದ ಪೂರ್ತಿಯಾಗಿ ಬಿಚ್ಚಿ, ಸಿಹಿನೀರಿನಲ್ಲಿ ಅದ್ದಿ, ಒಣಗಿಸುವ ಮರದ ಚಕ್ರಕ್ಕೆ ಸುತ್ತಿ ಗಾಳಿಗಿಡದಿದ್ದರೆ ಅದು ಕೊಳೆತುಹೋಗುತ್ತಿತ್ತು. ಮರುದಿನ ದೊಡ್ಡ ಮೀನಿನ ಮೊದಲ ಎಳೆತಕ್ಕೇ ಪಟ್ಟೆಂದು ಕಡಿಯುತ್ತಿತ್ತು. ದಾರವನ್ನು ಬಿಚ್ಚಿದ ಮೇಲೆ ಬರಿದಾದ ಉರುಳೆಯನ್ನು ಒರೆಸುವುದು, ಅಚ್ಚಿಗೆ ಎರಡು ಹನಿ ಎಣ್ಣೆ ಬಿಡುವುದು ಸಹಜವಾಗಿಯೇ ನಡೆಯುತ್ತಿತ್ತು. ಧನಿಕರ ಪಾಲಿಗೆ ಈ ಕೆಲಸವನ್ನು ಸೇವಕರು ಮಾಡುತ್ತಿದ್ದರೆಂಬುದನ್ನೂ ಮರೆಯಲಾಗದು. ವಿನೋದದ ಇತಿಹಾಸದಲ್ಲಿ ಇಂತಹವರ ಹೆಸರುಗಳು ಉಳಿಯುವುದಿಲ್ಲ.

ಉಪ್ಪು ಲೋಹವನ್ನು ಹೇಗೆ ಕೆಡಿಸುತ್ತದೆಂಬುದನ್ನು ಇಲ್ಲಿ ತುಸು ವಿಸ್ತಾರವಾಗಿಯೇ ನೋಡಬೇಕು. ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ರೀಲಿನ ಮೇಲೆ ಸಿಡಿದ ಹನಿಯು ಆರಿಹೋದರೂ ಈ ಲವಣವು ಹರಳಾಗಿ ಉಳಿಯುತ್ತದೆ. ಹವೆಯಲ್ಲಿ ತೇವಾಂಶ ಹೆಚ್ಚಿದಾಗ ಆ ಹರಳುಗಳೇ ನೀರನ್ನು ಹೀರಿ ಮತ್ತೆ ದ್ರವರೂಪವನ್ನು ತಾಳುತ್ತವೆ. ಆದ್ದರಿಂದ ರೀಲು ಕಡಲಿನ ಮೇಲೆ ಕೆಡುವುದಕ್ಕಿಂತ ಹೆಚ್ಚಾಗಿ ಮನೆಯ ಕಪಾಟಿನಲ್ಲಿ, ಒಡೆಯನು ಅದನ್ನು ಮರೆತು ಕುಳಿತಿರುವಾಗ, ಕೆಡುತ್ತದೆ. ಇದರ ಮೇಲೆ ಭಿನ್ನಲೋಹಗಳ ಸಮಸ್ಯೆ ಬೇರೆ. 1800ರಲ್ಲಿ ಇಟಲಿಯ ವೋಲ್ಟಾ ಎರಡು ಬೇರೆಬೇರೆ ಲೋಹಗಳ ನಡುವೆ ಉಪ್ಪುನೀರಿನಲ್ಲಿ ತೋಯ್ದ ಬಟ್ಟೆಯನ್ನಿಟ್ಟು ವಿದ್ಯುತ್ತನ್ನು ಹರಿಯಿಸಿದನಷ್ಟೆ. ಅಲ್ಯೂಮಿನಿಯಂ ಚೌಕಟ್ಟಿಗೆ ಹಿತ್ತಾಳೆಯ ತಿರುಪನ್ನು ಹಾಕಿ ಕಡಲಿಗೆ ಒಯ್ದವನು ತಿಳಿಯದೆಯೇ ಅದೇ ಪ್ರಯೋಗವನ್ನು ಮಾಡುತ್ತಿರುತ್ತಾನೆ. ಎರಡು ಲೋಹಗಳಲ್ಲಿ ದುರ್ಬಲವಾದ ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗುವುದು, ತಿರುಪು ಅದರಲ್ಲಿ ಹೂತು ಮತ್ತೆ ಬಿಚ್ಚಲು ಬಾರದಾಗುವುದು. ಹಿತ್ತಾಳೆಯಲ್ಲಿಯಾದರೋ ಸತುವು ಮೆಲ್ಲನೆ ಕರಗಿಹೋಗಿ ತಾಮ್ರದ ಜೊಳ್ಳು ಮಾತ್ರ ಉಳಿಯುವುದುಂಟು. ಮೇಲೆ ಕಾಣುವ ಹಸಿರು ಕಿಲುಬು ಒಳಗಿನ ಕೇಡಿನ ಸೂಚನೆಯಷ್ಟೆ. ಕ್ರೋಮಿಯಂ ಲೇಪನದಲ್ಲಿ ಒಂದು ಸೂಜಿಮೊನೆಯಷ್ಟು ಬಿರುಕಿದ್ದರೂ ಉಪ್ಪು ಅದರ ಮೂಲಕ ಒಳನುಗ್ಗಿ, ಲೇಪನವನ್ನು ಒಳಗಿನಿಂದ ಹೊಪ್ಪಳೆಯಾಗಿ ಎಬ್ಬಿಸುತ್ತದೆ.

ಈ ವಿದ್ಯೆಯು ಗಾಳಗಾರರಿಗೆ ಗ್ರಂಥಗಳಿಂದ ಬಂದುದಲ್ಲ, ಕಡಲಿನ ಅನುಭವದಿಂದ ಬಂದುದು. 1885ರಲ್ಲಿ ಫ್ಲಾರಿಡಾದಲ್ಲಿ ಡಬ್ಲ್ಯೂ. ಎಚ್. ವುಡ್ ಎಂಬಾತನು ಟಾರ್ಪನ್ ಎಂಬ ಭಾರಿ ಮೀನನ್ನು ಕೋಲು ಮತ್ತು ರೀಲಿನಿಂದ ಹಿಡಿದ ಸುದ್ದಿ ಹಬ್ಬಿದ ಮೇಲೆ ದೊಡ್ಡ ಮೀನುಗಳ ಬೇಟೆ ಒಂದು ಗೀಳಾಯಿತು. 1898ರಲ್ಲಿ ಕ್ಯಾಲಿಫೋರ್ನಿಯದ ಕ್ಯಾಟಲೀನ ದ್ವೀಪದಲ್ಲಿ 183 ಪೌಂಡು ತೂಕದ ಟ್ಯೂನಾವನ್ನು ಎಳೆದುತಂದ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರನು ಅಲ್ಲಿಯೇ ಟ್ಯೂನಾ ಸಂಘವನ್ನು ಸ್ಥಾಪಿಸಿದನು. ಆಗಿನ ರೀಲುಗಳಲ್ಲಿ ಹಿಡಿಕೆಯು ಹಲ್ಲುಗಾಲಿಗಳ ಮೂಲಕ ಉರುಳೆಗೆ ಸದಾ ಬೆಸೆದುಕೊಂಡಿತ್ತು. ಮೀನು ಓಡಿದಾಗ ಹಿಡಿಕೆಯು ಕಣ್ಣಿಗೆ ಕಾಣದ ವೇಗದಲ್ಲಿ ಹಿಂದಕ್ಕೆ ತಿರುಗಿ ಬೆರಳ ಗೆಣ್ಣುಗಳನ್ನು ಜಜ್ಜುತ್ತಿತ್ತು. ತಡೆಯೆಂದರೆ ಚೌಕಟ್ಟಿನ ಕಂಬಿಗೆ ಕಟ್ಟಿದ ಒಂದು ತೊಗಲಿನ ತುಂಡು. ಅದನ್ನು ಹೆಬ್ಬೆರಳಿನಿಂದ ದಾರದ ಮೇಲೆ ಒತ್ತಿಹಿಡಿಯಬೇಕು. ಘರ್ಷಣೆಯಿಂದ ತೊಗಲು ಸುಡಬಾರದೆಂದು ಅದಕ್ಕೆ ಆಗಾಗ ನೀರು ಹನಿಸುತ್ತಿದ್ದರು, ನೀರೆಂದರೆ ಎದುರಿಗಿರುವ ಕಡಲಿನದೇ.

ಈ ಕಷ್ಟವನ್ನು ನೀಗಿದವನು ವಿಲಿಯಂ ಬೋಶನ್. ಹಿಡಿಕೆ ನಿಂತಲ್ಲಿಯೇ ನಿಂತಿದ್ದು ಉರುಳೆ ಮಾತ್ರ ಹಿಮ್ಮುಖವಾಗಿ ಜಾರುವಂತೆ, ಪ್ರಧಾನ ಹಲ್ಲುಗಾಲಿಯೊಳಗೆ ತೊಗಲಿನ ಮತ್ತು ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಹೊರಗಿನಿಂದ ನಕ್ಷತ್ರಾಕಾರದ ತಿರುಪಿನಿಂದ ಅವನ್ನು ಬಿಗಿಮಾಡುವ ಉಪಾಯವು ಅವನದೆಂದು ಹೇಳುವರು. ಅದನ್ನು ಕಾರ್ಯರೂಪಕ್ಕೆ ತಂದವನು ಬ್ರೂಕ್ಲಿನ್ನಿನ ಜೂಲಿಯಸ್ ವಾಮ್ ಹೋಫ್. ಆ ರೀಲಿನಿಂದಲೇ 1913ರಲ್ಲಿ ಬೋಶನ್ನನು ಕ್ಯಾಟಲೀನದ ಬಳಿ 350 ಪೌಂಡಿಗೂ ಮೀರಿದ ಕತ್ತಿಮೀನನ್ನು, ಕೋಲು ಮತ್ತು ರೀಲಿನಿಂದ ಹಿಡಿದವರಲ್ಲಿ ಮೊದಲಿಗನಾಗಿ, ಹಿಡಿದನು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕುಹಿಡಿಯದ ಉಕ್ಕನ್ನು ಎರಕಹೊಯ್ದುದೂ ಅದೇ 1913ರಲ್ಲಿಯೇ. ಆ ಉಕ್ಕು ರೀಲಿನೊಳಕ್ಕೆ ಬಂದು ಸೇರಲು ಇನ್ನೂ ಬಹುಕಾಲ ಹಿಡಿಯಿತು. ಡ್ರ್ಯಾಗ್ ಎಂದು ಕರೆಯಲಾಗುವ ಈ ತಡೆಯ ಯಂತ್ರವು ಬಂದುದರಿಂದ ಗಾಳಗಾರನ ಬೆರಳುಗಳು ಉಳಿದುವು, ಆದರೆ ಆರೈಕೆಯ ಹೊರೆ ಇಮ್ಮಡಿಯಾಯಿತು. ತೊಗಲಿನ ಬಿಲ್ಲೆ ಒಣಗಿದರೆ ಜರ್ಕುಹೊಡೆಯುವುದು, ಎಣ್ಣೆ ಹೆಚ್ಚಾದರೆ ಜಾರುವುದು, ಉಪ್ಪು ಸೇರಿದರೆ ಗಾಜಿನ ಕಾಗದದಂತೆ ಉಜ್ಜುವುದು. ಮೀನುಗಾರಿಕೆ ಮುಗಿದೊಡನೆ ನಕ್ಷತ್ರದ ತಿರುಪನ್ನು ಸಡಿಲಿಸಿಡಬೇಕು, ಇಲ್ಲವಾದರೆ ಬಿಲ್ಲೆಗಳು ಅದುಮಿಹೋಗಿ ಗುಣಗೆಡುವುವು ಎಂಬ ನಿಯಮ ಆಗ ಹುಟ್ಟಿದ್ದು; ಬಿಲ್ಲೆಯು ತೊಗಲಿನಿಂದ ಕಾರ್ಬನ್ ನಾರಿಗೆ ಬದಲಾದ ಮೇಲೂ ಹಳಬರು ಆ ನಿಯಮವನ್ನು ಬಿಟ್ಟಿಲ್ಲ.

ಇಷ್ಟರವರೆಗೆ ಕಡಲಿನ ರೀಲು ಧನಿಕರ ಸೊತ್ತಾಗಿತ್ತು. ಅದನ್ನು ಕಾರ್ಖಾನೆಯ ಕೂಲಿಕಾರನ ಕೈಗೆಟುಕಿಸಿದ ಕೀರ್ತಿಯು ಬಹುಮಟ್ಟಿಗೆ ಜರ್ಮನಿಯಿಂದ ವಲಸೆಬಂದ ಆಟೋ ಹೆನ್ಜೆ ಎಂಬಾತನದು. ಜಗತ್ತೆಲ್ಲ ಆರ್ಥಿಕ ಕುಸಿತದಿಂದ ತತ್ತರಿಸುತ್ತಿದ್ದ 1932ರಲ್ಲಿ ಇವನು ಫಿಲಡೆಲ್ಫಿಯಾ ನಗರದಲ್ಲಿ ಪೆನ್ ಎಂಬ ಹೆಸರಿನ ಸಂಸ್ಥೆಯನ್ನು ತೆರೆದನು. ಎಬೊನೈಟಿಗೆ ಬದಲಾಗಿ ಅಚ್ಚಿನಲ್ಲಿ ಒತ್ತಿ ತೆಗೆದ ಬೇಕಲೈಟ್ ಎಂಬ ಪ್ಲಾಸ್ಟಿಕಿನ ತಟ್ಟೆಗಳು, ಜರ್ಮನ್ ಸಿಲ್ವರಿಗೆ ಬದಲಾಗಿ ಕ್ರೋಮಿಯಂ ಲೇಪಿಸಿದ ಹಿತ್ತಾಳೆಯ ಉಂಗುರಗಳು, ಕಂಚಿನ ಆಸರೆಗಳು, ಇವಿಷ್ಟರಿಂದ ಮಿತವಾದ ಬೆಲೆಗೆ ಬಲವಾದ ರೀಲು ಸಿದ್ಧವಾಯಿತು. ಬೇಕಲೈಟಿಗೆ ಉಪ್ಪಿನ ಭಯವಿಲ್ಲ. ಕಲ್ಲಿನ ಮೇಲೆ ಬಿದ್ದರೆ ಒಡೆಯುವುದೆಂಬ ದೋಷವೊಂದೇ. 1936ರ ಸೆನೆಟರ್ ಶ್ರೇಣಿಯು ದೋಣಿಯ ಮೇಲಣ ಭಾರಿ ಮೀನುಗಳಿಗಾದರೆ, ಸ್ಕ್ವಿಡರ್ ಎಂಬ ರೀಲು ದಡದಲ್ಲಿ ನಿಂತು ಅಲೆಗಳಾಚೆಗೆ ಎಸೆಯುವವರಿಗೆ.

ಪೆನ್ ರೀಲುಗಳ ನಿಜವಾದ ಹಿರಿಮೆ ಅವುಗಳ ಬಿಡಿಭಾಗಗಳ ಪಟ್ಟಿಯಲ್ಲಿದೆ ಎಂದರೆ ಅತಿಶಯೋಕ್ತಿಯಾಗದು. ಯಾವ ರೀಲನ್ನು ತೆಗೆದುಕೊಂಡರೂ 5 ಎಂದರೆ ಪ್ರಧಾನ ಹಲ್ಲುಗಾಲಿ, 6 ಎಂದರೆ ಡ್ರ್ಯಾಗಿನ ಬಿಲ್ಲೆ, 13 ಎಂದರೆ ಪಿನಿಯನ್, 29 ಎಂದರೆ ಉರುಳೆ. ಅದರ ಮುಂದೆ ಒಂದು ಗೆರೆಯೆಳೆದು ರೀಲಿನ ಸಂಖ್ಯೆಯನ್ನು ಬರೆದರೆ ಬೇಕಾದ ಭಾಗ ಅಂಚೆಯಲ್ಲಿ ಬರುತ್ತಿತ್ತು. ಪೆಟ್ಟಿಗೆಯೊಳಗೆ ರೀಲಿನೊಡನೆ, ಬಿಚ್ಚಿಹರಡಿದ ಭಾಗಗಳ ಚಿತ್ರವೂ ಒಂದು ಚಿಕ್ಕ ತಿರುಪುಳಿಯೂ ಇರುತ್ತಿದ್ದುವು. ಮೀಕ್ ಸಹೋದರರ ತಿರುಪಿನ ಮೇಲಿದ್ದ ಸಂಖ್ಯೆಯು ಆ ಒಂದು ರೀಲಿನ ಆ ಒಂದು ರಂಧ್ರಕ್ಕೆ ಮಾತ್ರ ಸಲ್ಲುತ್ತಿತ್ತು. ಹೆನ್ಜೆಯ ಸಂಖ್ಯೆ ಒಂದೇ ಮಾದರಿಯ ಲಕ್ಷಾಂತರ ರೀಲುಗಳಿಗೆ ಸಲ್ಲುವುದಾಯಿತು. ಕೈಗಾರಿಕೆಯ ಒಂದು ಶತಮಾನದ ಪಯಣವು ಈ ಎರಡು ಸಂಖ್ಯೆಗಳ ನಡುವೆ ಅಡಗಿದೆ. ಎರಡರ ಹಿಂದೆಯೂ ಇದ್ದ ಭಾವನೆ ಮಾತ್ರ ಒಂದೇ: ಇದನ್ನು ಕೊಂಡವನು ತೆರೆಯುವನು. ಸ್ಕ್ವಿಡರಿನಲ್ಲಿಯಂತೂ ಒಂದೇ ತಿರುಪನ್ನು ಬೆರಳಿನಿಂದ ಸಡಿಲಿಸಿದರೆ ಬದಿಯ ತಟ್ಟೆಯು ಇಡಿಯಾಗಿ ಕಳಚಿ ಉರುಳೆಯು ಕೈಗೆ ಬರುತ್ತಿತ್ತು. ಮರಳು ಸೇರಿದ ರೀಲನ್ನು ತೀರದಲ್ಲಿಯೇ, ಕತ್ತಲಿನಲ್ಲಿಯೂ, ತೆರೆದು ಒರೆಸಿ ಮತ್ತೆ ಎಸೆತಕ್ಕೆ ನಿಲ್ಲಬಹುದಾಗಿತ್ತು. ಕಡಲಿನ ರೀಲಿನ ವಿಶ್ವಾಸಾರ್ಹತೆಯೆಂಬುದು ಕೆಡದಿರುವ ಗುಣದಲ್ಲಿ ಇಲ್ಲ, ಕೆಟ್ಟುದನ್ನು ಅಲ್ಲಿಯೇ ಸರಿಪಡಿಸಿಕೊಳ್ಳಬಲ್ಲ ಗುಣದಲ್ಲಿ ಇದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರಾವ ಯಂತ್ರವೂ ತೋರಿಸಿದಂತೆ ಕಾಣೆ.

ಎರಡನೆಯ ಮಹಾಯುದ್ಧದ ತರುವಾಯ ನೈಲಾನಿನ ಒಂಟಿಯೆಳೆ ದಾರ ಬಳಕೆಗೆ ಬಂದಿತು. ಅದು ಕೊಳೆಯದು, ಒಣಗಿಸಬೇಕಾಗಿಲ್ಲ; ಸಂಜೆಯ ಆ ದೀರ್ಘವಿಧಿಯಿಂದ ಬಿಡುಗಡೆ ದೊರೆಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಹೊಸ ದಾರ ಎರಡು ಹೊಸ ಕೇಡುಗಳನ್ನು ತಂದಿತು. ಎಳೆತಕ್ಕೆ ಹಿಗ್ಗಿದ ನೈಲಾನು ಉರುಳೆಯ ಮೇಲೆ ಸುತ್ತಿಕೊಂಡು ಮತ್ತೆ ಕುಗ್ಗುವಾಗ ಸುತ್ತುಸುತ್ತುಗಳ ಒತ್ತಡವು ಕೂಡಿಕೂಡಿ, ಹಳೆಯ ಪ್ಲಾಸ್ಟಿಕಿನ ಉರುಳೆಗಳನ್ನು ಸೀಳಿಹಾಕಿತು, ದುರ್ಬಲವಾದ ಲೋಹದ ಉರುಳೆಗಳ ಅಂಚುಗಳನ್ನು ಹೊರಕ್ಕೆ ತಳ್ಳಿತು; ಗಟ್ಟಿ ಲೋಹದ ಉರುಳೆಗಳು ಅನಿವಾರ್ಯವಾದುವು. ಎರಡನೆಯ ಕೇಡು ಕಣ್ಣಿಗೆ ಬೀಳದಂತಹದು. ದಾರವನ್ನು ಬಿಚ್ಚುವ ಅಭ್ಯಾಸ ತಪ್ಪಿದ್ದರಿಂದ ಅದರ ಅಡಿಯಲ್ಲಿ ಸೇರಿದ ಉಪ್ಪುನೀರು ಅಲ್ಲಿಯೇ ನಿಂತು, ತಿಂಗಳುಗಟ್ಟಲೆ ಅಲ್ಯೂಮಿನಿಯಮ್ಮನ್ನು ತಿನ್ನತೊಡಗಿತು. ಹೊರಗೆ ಥಳಥಳಿಸುತ್ತಿದ್ದ ರೀಲಿನ ದಾರವನ್ನು ಎಂದೋ ಒಂದು ದಿನ ಬದಲಿಸಲು ಬಿಚ್ಚಿದವನಿಗೆ ಉರುಳೆಯ ಒಡಲೆಲ್ಲ ಗುಳಿಬಿದ್ದು ಕಾಣುತ್ತಿತ್ತು.

ಇನ್ನು ಸ್ವೀಡನ್ನಿನ ಕಥೆ. ಆ ದೇಶದ ದಕ್ಷಿಣದಲ್ಲಿ, ಸಾಲ್ಮನ್ ಮೀನಿಗೆ ಹೆಸರಾದ ಮೋರುಮ್ ನದಿಯ ದಂಡೆಯಲ್ಲಿ, ಸ್ವೆಂಗ್‌ಸ್ಟಾ ಎಂಬ ಹಳ್ಳಿಯಿದೆ. 1921ರಲ್ಲಿ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರೋಮ್ ಅಲ್ಲಿ ಗಡಿಯಾರದ ಕಾರ್ಖಾನೆಯೊಂದನ್ನು ಸ್ಥಾಪಿಸಿದನು. ಆಬು ಎಂಬುದು ಆ ಕಾರ್ಖಾನೆಯ ಹೆಸರು. ಕಿಸೆಗಡಿಯಾರಗಳ ಬಳಿಕ ಅದು ಬಾಡಿಗೆ ಮೋಟಾರುಗಳ ಮೀಟರುಗಳನ್ನು ಮಾಡುತ್ತಿತ್ತು. ಯುದ್ಧ ಬಂದು ಪೆಟ್ರೋಲಿಗೆ ಕಟ್ಟುಪಾಡಾದಾಗ ಮೋಟಾರುಗಳು ನಿಂತುವು, ಮೀಟರುಗಳನ್ನು ಕೇಳುವವರಿಲ್ಲವಾಯಿತು. ಆಗ ಸ್ಥಾಪಕನ ಮಗನಾದ ಗೋಟೆ ಬೋರ್ಗ್‌ಸ್ಟ್ರೋಮ್ ಅದೇ ಯಂತ್ರಗಳನ್ನೂ ಅದೇ ಕೆಲಸಗಾರರನ್ನೂ ರೀಲುಗಳಿಗೆ ತಿರುಗಿಸಿದನು. ಕೆಂಟಕಿಯಲ್ಲಿ ನಡೆದುದೇ, ಒಂದು ಶತಮಾನದ ಮೇಲೆ ಮತ್ತೊಂದು ಖಂಡದಲ್ಲಿ, ಮತ್ತೆ ನಡೆಯಿತು. 1952ರಲ್ಲಿ ಹೊರಬಂದ ಕೆಂಪು ಬಣ್ಣದ ಅಂಬಾಸಡರ್ 5000 ಎಂಬ ರೀಲು ಈ ಪರಂಪರೆಯ ಶಿಖರವೆಂದು ಹಲವರ ಅಭಿಪ್ರಾಯ. ನಾನೂ ಅದನ್ನು ಅಲ್ಲಗಳೆಯಲಾರೆ. ಗುಂಡಿಯನ್ನೊತ್ತಿದರೆ ಹಲ್ಲುಗಾಲಿಗಳಿಂದ ಬೇರ್ಪಟ್ಟು ಉರುಳೆಯೊಂದೇ ತಿರುಗುವುದು. ವೇಗ ಹೆಚ್ಚಿದಂತೆ ಅಪಕೇಂದ್ರ ಬಲದಿಂದ ಹೊರಚಿಮ್ಮುವ ಎರಡು ಪುಟ್ಟ ತುಣುಕುಗಳು ಸುತ್ತಣ ಉಂಗುರವನ್ನುಜ್ಜಿ ಉರುಳೆಯನ್ನು ಹದದಲ್ಲಿಡುವುವು. ತೊಗಲಿನ ಚೀಲದಲ್ಲಿ ರೀಲಿನ ಜೊತೆಗೆ ಎಣ್ಣೆಯೂ ಬಿಚ್ಚುವ ಉಪಕರಣವೂ ಕೆಲವು ಬಿಡಿಭಾಗಗಳೂ ಇರುತ್ತಿದ್ದುವೆಂಬುದು ಇಲ್ಲಿ ಸ್ಮರಣೀಯ.

ಹೊರಮೈಯ ಆ ಕೆಂಪಿಗೂ ಕಡಲಿಗೂ ಒಂದು ಸಂಬಂಧವಿದೆ. ಅಲ್ಯೂಮಿನಿಯಮ್ಮಿನ ಮೇಲೆ ವಿದ್ಯುತ್ತಿನಿಂದ ಗಟ್ಟಿಯಾದ ಆಕ್ಸೈಡಿನ ಪೊರೆಯನ್ನು ಬೆಳೆಸಿ ಅದಕ್ಕೆ ಬಣ್ಣವನ್ನು ಹೀರಿಸುವ ಆನೊಡೈಸಿಂಗ್ ಎಂಬ ವಿಧಾನವನ್ನು 1923ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಸಮುದ್ರದ ಮೇಲಿಳಿಯುವ ವಿಮಾನಗಳ ಭಾಗಗಳನ್ನು ಉಪ್ಪಿನಿಂದ ಕಾಪಾಡುವುದಕ್ಕಾಗಿಯೇ. ಆದರೂ ಅಂಬಾಸಡರು ಮೂಲತಃ ಸಿಹಿನೀರಿನ ರೀಲು. ಅದರ ಮುಂಭಾಗದಲ್ಲಿ, ದಾರವನ್ನು ಸಮವಾಗಿ ಹಂಚಲು ಅತ್ತಿಂದಿತ್ತ ಓಡಾಡುವ ಒಂದು ಕಣ್ಣಿದೆ. ಅಡ್ಡಹಾಯುವ ತೋಡುಗಳುಳ್ಳ ಒಂದು ಸರಳೂ, ಆ ತೋಡಿನಲ್ಲಿ ಓಡುವ ಒಂದು ಪುಟ್ಟ ನಾಲಗೆಯೂ ಅದನ್ನು ನಡೆಸುತ್ತವೆ. ಇದನ್ನು 1890ರ ದಶಕದಲ್ಲಿ ಮಿಶಿಗನ್ನಿನ ಕ್ಯಾಲಮಜೂ ಎಂಬ ಊರಿನ ವಿಲಿಯಂ ಶೇಕ್ಸ್‌ಪಿಯರ್ ಪ್ರಚಾರಕ್ಕೆ ತಂದನು. ನಾಟಕಕಾರನಲ್ಲ, ಹೆಸರು ಮಾತ್ರ ಅದೇ. ಒದ್ದೆ ದಾರವು ಹೊತ್ತುತಂದ ಉಪ್ಪೂ ಮರಳೂ ನೇರವಾಗಿ ಬೀಳುವುದು ಈ ತೋಡುಗಳಿಗೇ, ರೀಲಿನಲ್ಲಿ ಮೊದಲು ಸವೆಯುವುದೂ ಆ ನಾಲಗೆಯೇ. ಬ್ರಿಟನ್ನಿನ ಕಡಲತೀರಗಳಲ್ಲಿ ದೂರಕ್ಕೆ ಎಸೆಯುವವರು ಅಂಬಾಸಡರಿನ ದೊಡ್ಡ ಮಾದರಿಗಳನ್ನು ಕೊಂಡು, ಮನೆಗೆ ತಂದೊಡನೆ ಈ ಭಾಗವನ್ನು ಕಿತ್ತೆಸೆದು, ದಾರವನ್ನು ಹೆಬ್ಬೆರಳಿನಿಂದಲೇ ಹಂಚುವ ಹಳೆಯ ಪದ್ಧತಿಗೆ ಮರಳಿದರು.

ನಮ್ಮ ನಾಡಿನಲ್ಲಿ ದೊಡ್ಡ ಗುಣಕ ರೀಲನ್ನು ಕಂಡವರು ಹೆಚ್ಚಾಗಿ ಕಾವೇರಿಯ ಸೀಮೆಯವರು; 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಆ ಜಲಾನಯನದಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಮೀನು ಇಂದಿಗೂ ದಾಖಲೆಯಾಗಿ ನಿಂತಿದೆ. ಅದು ಸಿಹಿನೀರಿನ ಸಾಹಸ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯಾದರೋ ರಂಪಣಿ ಬಲೆಯನ್ನೂ ಕೈಗಾಳವನ್ನೂ ನೆಚ್ಚಿಕೊಂಡಿತ್ತು, ಅಲ್ಲಿಗೆ ರೀಲು ಬಂದುದು ತೀರ ಈಚೆಗೆ, ಅದೂ ಹವ್ಯಾಸಿಗಳ ಕೈಯಲ್ಲಿ. ಪಶ್ಚಿಮದ ಗಾಳಗಾರರು ಮೂರು ತಲೆಮಾರುಗಳಲ್ಲಿ ಕಲಿತ ಆರೈಕೆಯ ಕ್ರಮವನ್ನು ಈ ಹೊಸಬರಿಗಾಗಿಯಾದರೂ ಇಲ್ಲಿ ಹೇಳಬೇಕು.

ಕಡಲಿನಿಂದ ಬಂದ ಸಂಜೆಯೇ ರೀಲನ್ನು ಸಿಹಿನೀರಿನಿಂದ ತೊಳೆಯಬೇಕು; ಆದರೆ ಕೊಳವೆಯ ನೀರನ್ನು ರಭಸದಿಂದ ಹಾಯಿಸಬಾರದು. ರಭಸದ ನೀರು ಹೊರಗಿನ ಉಪ್ಪನ್ನು ಒಳಕ್ಕೆ ನೂಕುತ್ತದೆ, ಹೊಕ್ಕದ್ದು ಹೊರಬರುವುದಿಲ್ಲ. ತೊಳೆಯುವಾಗ ಡ್ರ್ಯಾಗನ್ನು ಬಿಗಿಮಾಡಿ, ಒಣಗುವಾಗ ಸಡಿಲಿಸುವುದು ರೂಢಿ. ಬಕೀಟಿನಲ್ಲಿ ಮುಳುಗಿಸಿಡುವವರೂ ಇದ್ದಾರೆ. ಒಳಗಿನ ಗ್ರೀಸು ಕದಡಿ ನೀರು ಒಳಗೇ ಉಳಿಯುವುದರಿಂದ ಅದು ಹಿತವಲ್ಲವೆಂದು ಅನುಭವಿಗಳ ಮತ. ಋತುವಿನ ಕೊನೆಯಲ್ಲಿ ಪೂರ್ತಿಯಾಗಿ ಬಿಚ್ಚಬೇಕು. ಬಿಚ್ಚಿದ ಭಾಗಗಳನ್ನು ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಟ್ಟು, ಹಳೆಯ ಗ್ರೀಸನ್ನು ಸೀಮೆಎಣ್ಣೆಯಿಂದ ಕಳೆದು, ಹಲ್ಲುಗಾಲಿಗಳಿಗೆ ಗ್ರೀಸನ್ನೂ ಉರುಳೆಯ ಬೇರಿಂಗುಗಳಿಗೆ ತೆಳುವಾದ ಎಣ್ಣೆಯನ್ನೂ ಹಾಕಬೇಕು. ಇವೆರಡನ್ನು ಅದಲುಬದಲು ಮಾಡಿದರೆ, ಗ್ರೀಸು ತುಂಬಿದ ಬೇರಿಂಗಿನಿಂದ ಎಸೆತ ಮೊಟಕಾಗುವುದು, ಎಣ್ಣೆ ಮಾತ್ರ ಕಂಡ ಹಲ್ಲುಗಾಲಿ ಬೇಗ ಸವೆಯುವುದು. ಅಪಕೇಂದ್ರ ಬ್ರೇಕಿನ ಉಂಗುರಕ್ಕೆ ಎರಡೂ ಬೇಡ. ಅಲ್ಲಿ ಜಿಡ್ಡಾದರೆ ಬ್ರೇಕು ಹಿಡಿಯದು. ಎಲ್ಲಕ್ಕೂ ಮುಖ್ಯವಾದುದು, ಮತ್ತು ಎಲ್ಲರೂ ಮರೆಯುವುದು, ಚೌಕಟ್ಟಿನ ಪ್ರತಿಯೊಂದು ತಿರುಪಿನ ಎಳೆಗೂ ಗ್ರೀಸನ್ನು ಸವರಿ ಬಿಗಿಯುವುದು. ಭಿನ್ನಲೋಹಗಳ ನಡುವೆ ಉಪ್ಪುನೀರು ಇಳಿಯದಂತೆ ತಡೆಯುವುದು ಆ ತೆಳುಪೊರೆಯೊಂದೇ. ಮುಂದಿನ ವರ್ಷ ರೀಲು ಬಿಚ್ಚಲು ಬರುವುದೋ ಇಲ್ಲವೋ ಎಂಬುದು ಅದರಿಂದ ನಿರ್ಧಾರವಾಗುತ್ತದೆ.

ಈಚಿನ ಅರ್ಧ ಶತಮಾನದ ಮುಂದಾಳುತನ ಜಪಾನಿನದು. ಸಕಾಯಿ ನಗರದಲ್ಲಿ 1921ರಲ್ಲಿ, ಎಂದರೆ ಸ್ವೆಂಗ್‌ಸ್ಟಾದ ಕಾರ್ಖಾನೆ ತೆರೆದ ವರ್ಷವೇ, ಬೈಸಿಕಲ್ಲಿನ ಫ್ರೀವೀಲನ್ನು ಮಾಡಲು ಹುಟ್ಟಿದ ಶಿಮಾನೊ ಸಂಸ್ಥೆಯು 1970ರಲ್ಲಿ ಮೀನುಗಾರಿಕೆಯ ಸಾಮಗ್ರಿಗೆ ಕೈಹಾಕಿ, 1978ರಲ್ಲಿ ಬ್ಯಾಂಟಮ್ ಎಂಬ ಹಗುರ ರೀಲನ್ನು ತಂದಿತು. ಡೈವಾ ಸಂಸ್ಥೆಯು 1980ರ ದಶಕದಲ್ಲಿ ಅಯಸ್ಕಾಂತದ ಬ್ರೇಕನ್ನು ರೂಢಿಗೆ ತಂದಿತು. ತಿರುಗುವ ಲೋಹದ ಬಳಿ ಅಯಸ್ಕಾಂತವಿದ್ದರೆ ಲೋಹದಲ್ಲಿ ಹುಟ್ಟುವ ಸುಳಿವಿದ್ಯುತ್ತೇ ವೇಗವನ್ನು ತಗ್ಗಿಸುವುದರಿಂದ, ಒಂದನ್ನೊಂದು ಮುಟ್ಟದ ಈ ಬ್ರೇಕಿಗೆ ಸವೆತವೆಂಬುದಿಲ್ಲ. ಇದು ನಿಜವಾದ ಪ್ರಗತಿಯೇ. ಆದರೆ ಅದರೊಡನೆ ಮುಚ್ಚಿದ ಬೇರಿಂಗುಗಳು ಬಂದುವು, ಒಳಗಿನ ಪುಟ್ಟ ಸ್ಪ್ರಿಂಗುಗಳ ಸಂಖ್ಯೆ ಹೆಚ್ಚಿತು, ಕೆಲವು ರೀಲುಗಳ ಒಳಭಾಗವನ್ನು ಒಡೆಯನು ತೆರೆಯಬಾರದೆಂಬ ಸೂಚನೆಯೂ ಬಂದಿತು. ತುಕ್ಕುಹಿಡಿಯದ ಉಕ್ಕಿನ ಬೇರಿಂಗೂ ಕಡಲಿನಲ್ಲಿ ಗುಳಿಬೀಳುವುದು ತಪ್ಪಿಲ್ಲ. ಗಡಸುತನಕ್ಕಾಗಿ ಆ ಉಕ್ಕಿಗೆ ಸೇರಿಸಿದ ಇಂಗಾಲವೇ ಅದರ ತಡೆಯುವ ಶಕ್ತಿಯನ್ನು ಕುಗ್ಗಿಸಿರುತ್ತದೆ. ಹಳೆಯ ಕಂಚಿನ ಆಸರೆಯು ಅದಕ್ಕಿಂತ ನಿಧಾನ, ಆದರೆ ಎಣ್ಣೆ ಕಂಡರೆ ಸಾಕು, ಮತ್ತೆ ತಿರುಗುತ್ತದೆ. ಎಸೆತ ಹತ್ತು ಗಜ ಹೆಚ್ಚಾಗಲೆಂದು ಹತ್ತು ವರ್ಷದ ಆಯುಷ್ಯವನ್ನು ಕೊಟ್ಟುಬಿಡುವ ಈ ವ್ಯಾಪಾರವು ಕಡಲಿನವರಿಗೆ ಲಾಭದ್ದೆಂದು ನನಗೆ ತೋರುವುದಿಲ್ಲ.

ಇದರ ಅತ್ಯಂತ ಸ್ಪಷ್ಟವಾದ ನಿದರ್ಶನವು ಹಿಡಿಕೆಯನ್ನು ಹಿಂದಕ್ಕೆ ತಿರುಗದಂತೆ ತಡೆಯುವ ಭಾಗದಲ್ಲಿದೆ. ಮೊದಲು ಈ ಕೆಲಸವನ್ನು ಓರೆಹಲ್ಲಿನ ಒಂದು ಚಕ್ರವೂ ಅದರ ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ನಾಲಗೆಯೂ ಮಾಡುತ್ತಿದ್ದುವು. ಹಿಡಿಕೆಯಲ್ಲಿ ಕೊಂಚ ಅಲುಗಾಟ ಉಳಿಯುತ್ತಿತ್ತು. ಆ ಅಲುಗಾಟವೂ ಇರಕೂಡದೆಂದು, ಒಂದೇ ದಿಕ್ಕಿಗೆ ತಿರುಗುವ ರೋಲರ್ ಬೇರಿಂಗನ್ನು ತಂದರು. ಅದರ ಪುಟ್ಟ ಉರುಳುಗಳು ಓರೆಯಾದ ತೋಡಿಗೆ ಸಿಕ್ಕಿ ಹಿಡಿಯಬೇಕಾದರೆ ಅಲ್ಲಿ ಗ್ರೀಸು ಹೆಚ್ಚಿರಬಾರದು, ಹೆಚ್ಚಿದರೆ ಜಾರುತ್ತವೆ. ಗ್ರೀಸಿಲ್ಲದಿದ್ದರೆ ಉಪ್ಪು ಬಂದು ಕೂರುತ್ತದೆ, ಆಗಲೂ ಜಾರುತ್ತವೆ. ಚಳಿಯ ಮುಂಜಾವಿನಲ್ಲಿ ಗ್ರೀಸು ಗಟ್ಟಿಯಾದರೂ ಇದೇ ಗತಿ. ಆದಕಾರಣ ಕಡಲಿಗೆಂದೇ ಮಾಡುವ ಹಲವು ರೀಲುಗಳಲ್ಲಿ ತಯಾರಕರು ಹೊಸ ಬೇರಿಂಗಿನ ಬದಿಯಲ್ಲಿಯೇ ಹಳೆಯ ಓರೆಹಲ್ಲಿನ ಚಕ್ರವನ್ನೂ ನಾಲಗೆಯನ್ನೂ ಉಳಿಸಿಕೊಂಡಿದ್ದಾರೆ. ಬೇರಿಂಗು ಕೈಕೊಟ್ಟಾಗ ಹಿಡಿಕೆಯು ಸ್ವಲ್ಪ ಹಿಂದೆ ಸರಿದು ಟಕ್ಕೆಂದು ನಿಲ್ಲುವುದು ಆ ನಾಲಗೆಯಿಂದ; ಆ ಶಬ್ದ ಎರಡನೆಯ ಸಲ ಕೇಳಿಬಂದರೆ ಅಂದಿನ ಸಂಜೆಯೇ ರೀಲನ್ನು ಬಿಚ್ಚಬೇಕು.